ಜೇಬಿನಲ್ಲೇ ಉಳಿದ ಲೈಸೆನ್ಸು

ಗಾಡಿ ಓಡಿಸುವ ಹಕ್ಕು ಕಳೆದುಕೊಂಡವನು ತನ್ನ ಲೈಸೆನ್ಸನ್ನು ತಾನೇ ತಂದು ಕಚೇರಿಗೆ ಒಪ್ಪಿಸಬೇಕು. ಮೋಟಾರು ಕಾನೂನು ನೂರಕ್ಕೂ ಹೆಚ್ಚು ವರ್ಷ ಈ ನಂಬಿಕೆಯ ಮೇಲೆಯೇ ನಡೆದುಬಂದಿದೆ. ನಿಯಮವನ್ನು ಲೆಕ್ಕಿಸದೆ ಓಡಿಸಿದವನು ಲೈಸೆನ್ಸು ಒಪ್ಪಿಸುವ ವಿಷಯದಲ್ಲಿ ಮಾತ್ರ ನಿಯಮ ಪಾಲಿಸುತ್ತಾನೆಯೇ?

ಕತೆ ಶುರುವಾಗುವುದು ಬ್ರಿಟನ್ನಿನಲ್ಲಿ. ಅಲ್ಲಿನ 1903ರ ಮೋಟಾರ್ ಕಾರ್ ಕಾಯ್ದೆ 1904ರ ಜನವರಿ 1ರಿಂದ ಜಾರಿಗೆ ಬಂತು. ವಯಸ್ಸು 17 ತುಂಬಿದವರು ಸ್ಥಳೀಯ ಕೌನ್ಸಿಲ್‌ಗೆ 5 ಷಿಲಿಂಗ್ ಕಟ್ಟಿದರೆ ಸಾಕು, ಕಾರು ಓಡಿಸುವ ಲೈಸೆನ್ಸು ಸಿಗುತ್ತಿತ್ತು. ಓಡಿಸಲು ಬರುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ಕೊಡುವಾಗ ಇಷ್ಟು ಸಡಿಲವಾಗಿದ್ದ ಕಾನೂನು ಕಸಿಯುವ ಬಗ್ಗೆ ಮಾತ್ರ ಮೊದಲ ದಿನದಿಂದಲೇ ಯೋಚಿಸಿತ್ತು. ನ್ಯಾಯಾಲಯ ಲೈಸೆನ್ಸನ್ನು ಅಮಾನತಿನಲ್ಲಿಡಬಹುದಿತ್ತು, ಶಿಕ್ಷೆಯ ವಿವರವನ್ನು ಅದರ ಮೇಲೆಯೇ ಷರಾ ಆಗಿ ಬರೆಸುತ್ತಿತ್ತು. ಷರಾ ಬರೆಸಿಕೊಳ್ಳಲು ಲೈಸೆನ್ಸು ತಂದು ಹಾಜರುಪಡಿಸದಿದ್ದರೆ ಅದೇ ಇನ್ನೊಂದು ಅಪರಾಧ. ಹೀಗೆ ಶಿಕ್ಷೆಯ ದಾಖಲೆ ಶಿಕ್ಷೆಗೊಳಗಾದವನ ಕೈಯಲ್ಲೇ ಉಳಿಯಿತು.

ಬ್ರಿಟಿಷ್ ಇಂಡಿಯಾಕ್ಕೆ 1914ರಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ ಬಂತು, 1939ರಲ್ಲಿ ಇನ್ನೂ ವಿಸ್ತಾರವಾದ ಕಾಯ್ದೆ. ಅನರ್ಹನೆಂದು ಆದೇಶವಾದವನು ಕೂಡಲೇ ಲೈಸೆನ್ಸು ಒಪ್ಪಿಸಬೇಕು ಎಂಬ ಮಾತು ಅಲ್ಲಿಂದ ಇಳಿದು ಇಂದಿನ 1988ರ ಕಾಯ್ದೆಯ 19ನೇ ಕಲಮಿನಲ್ಲಿ ಕೂತಿದೆ. ಒಪ್ಪಿಸಿದ ಲೈಸೆನ್ಸನ್ನು ಅನರ್ಹತೆಯ ಅವಧಿ ಮುಗಿಯುವವರೆಗೆ ಕಚೇರಿ ಇಟ್ಟುಕೊಳ್ಳಬೇಕು. ಆದೇಶಕ್ಕೆ ಒಳಗಾದವನಿಗೆ ಮೇಲ್ಮನವಿಗೆ 30 ದಿನಗಳ ಅವಕಾಶವಿದೆ. ಅನರ್ಹತೆಯ ಅವಧಿಯಲ್ಲಿ ಲೈಸೆನ್ಸಿಗೆ ಬೆಲೆಯಿಲ್ಲ ಎನ್ನುತ್ತದೆ 23ನೇ ಕಲಮು. ಕಾನೂನಿನ ಕಣ್ಣಿನಲ್ಲಿ ಅಲ್ಲಿಗೆ ಕೆಲಸ ಮುಗಿಯಿತು.

ರಸ್ತೆಯಲ್ಲಿ ಮುಗಿಯುತ್ತಿರಲಿಲ್ಲ. ಒಪ್ಪಿಸದೆ ಉಳಿಸಿಕೊಂಡ ಲೈಸೆನ್ಸಿನಲ್ಲಿ ಫೋಟೊ, ಮೊಹರು, ಸಹಿ ಎಲ್ಲವೂ ಸರಿಯಾಗಿಯೇ ಇರುತ್ತಿದ್ದವು. ಕೈ ಅಡ್ಡ ಹಿಡಿದು ನಿಲ್ಲಿಸಿದ ಪೇದೆಗೆ ಯಾವುದೋ ಊರಿನ ಆರ್‌ಟಿಒ ಕಚೇರಿಯ ಕಡತದಲ್ಲಿರುವ ಆದೇಶ ಕಾಣುವುದಾದರೂ ಹೇಗೆ? ಇನ್ನೊಂದು ದಾರಿಯೂ ತೆರೆದಿತ್ತು. ಲೈಸೆನ್ಸು ಕಳೆದುಹೋಗಿದೆ ಎಂದು ಅರ್ಜಿ ಹಾಕಿ ನಕಲು ಪ್ರತಿ ಪಡೆದವನು ಒಂದನ್ನು ಒಪ್ಪಿಸಿ ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಹೊಸದಾಗಿ ಅಥವಾ ನಕಲಾಗಿ ಯಾವುದೇ ಲೈಸೆನ್ಸು ಕೊಟ್ಟರೂ ಹಳೆಯ ಷರಾವನ್ನು ಅದಕ್ಕೆ ಇಳಿಸಲೇಬೇಕೆಂದು 25ನೇ ಕಲಮು ಹೇಳುವುದು ಇಂಥ ಜಾಣತನಕ್ಕೆ ತಡೆಯೊಡ್ಡಲು. ಒಬ್ಬರಿಗೆ ಎರಡು ಲೈಸೆನ್ಸು ಇರಕೂಡದೆಂದೂ ಕಾಯ್ದೆ ಹೇಳುತ್ತದೆ. ಆದರೆ ಒಂದೊಂದು ಕಚೇರಿಯ ದಾಖಲೆ ಅದರದರ ಬೀರುವಿನಲ್ಲೇ ಇದ್ದ ಕಾಲದಲ್ಲಿ ಒಂದು ಜಿಲ್ಲೆಯ ಷರಾ ಪಕ್ಕದ ಜಿಲ್ಲೆಗೆ ತಲುಪಬೇಕಾದರೆ ಅಂಚೆಯೇ ಗತಿ.

ಪೊಲೀಸರು ಸ್ಥಳದಲ್ಲೇ ಲೈಸೆನ್ಸು ಕಿತ್ತುಕೊಳ್ಳುತ್ತಿದ್ದರಲ್ಲ ಎಂದು ಹಳೆಯ ಚಾಲಕರು ಕೇಳಬಹುದು. ಕಿತ್ತುಕೊಳ್ಳುತ್ತಿದ್ದದ್ದು ನಿಜ. ಆದರೆ 206ನೇ ಕಲಮು ಆ ಅಧಿಕಾರ ಕೊಟ್ಟದ್ದು ಆರೋಪಿ ಸಮನ್ಸಿಗೆ ಸಿಗದೆ ತಪ್ಪಿಸಿಕೊಂಡಾನೆಂಬ ಅನುಮಾನಕ್ಕಾಗಿ. ಬದಲಿಗೆ ಒಂದು ತಾತ್ಕಾಲಿಕ ರಸೀದಿ ಕೊಡಬೇಕಿತ್ತು, ಆ ರಸೀದಿ ಇರುವವರೆಗೆ ಗಾಡಿ ಓಡಿಸಲು ಅಡ್ಡಿಯಿರಲಿಲ್ಲ. ನ್ಯಾಯಾಲಯಕ್ಕೆ ಮೊದಲ ಸಲ ಹಾಜರಾದಾಗ ರಸೀದಿ ಕೊಟ್ಟು ಲೈಸೆನ್ಸು ವಾಪಸು ಪಡೆಯಬಹುದಿತ್ತು. ಹಾಗಾಗಿ ಈ ಜಪ್ತಿಯಿಂದ ಯಾರೂ ಸ್ಟೀರಿಂಗ್ ಬಿಟ್ಟು ಏಳುತ್ತಿರಲಿಲ್ಲ.

ಬದಲಾವಣೆಗೆ ಕಾರಣರಾದವರಲ್ಲಿ ಒಬ್ಬರು ವೈದ್ಯರು. ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕ ಡಾ. ಎಸ್. ರಾಜಶೇಖರನ್ ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆ ಮೊಕದ್ದಮೆಯಲ್ಲೇ 2014ರಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅತಿವೇಗ, ಕೆಂಪು ದೀಪ ದಾಟುವುದು, ಸರಕು ಗಾಡಿಯಲ್ಲಿ ಮಿತಿಮೀರಿದ ಹೊರೆ ಅಥವಾ ಜನರನ್ನು ತುಂಬುವುದು, ಕುಡಿದು ಓಡಿಸುವುದು, ಓಡಿಸುತ್ತ ಮೊಬೈಲ್ ಹಿಡಿಯುವುದು: ಇವಕ್ಕೆಲ್ಲ ಕನಿಷ್ಠ 3 ತಿಂಗಳು ಲೈಸೆನ್ಸು ಅಮಾನತು ಮಾಡಿ ಎಂದು ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು. 19ನೇ ಕಲಮು ಮೊದಲಿನಿಂದಲೂ ಇತ್ತು, ಬಳಸಿ ಎಂದು ಪಟ್ಟು ಹಿಡಿಯುವವರು ಬೇಕಿತ್ತು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹೀಗಿರುವಾಗ ಆ ಪಟ್ಟನ್ನು ಅತಿಯೆಂದು ಹೇಳಲಾಗದು.

ಅಷ್ಟರಲ್ಲಿ ಲೈಸೆನ್ಸಿನ ರೂಪವೇ ಬದಲಾಗುತ್ತಿತ್ತು. ಡಿಜಿಲಾಕರ್ ಮತ್ತು ಎಂ-ಪರಿವಾಹನ್ ಆ್ಯಪ್‌ಗಳಲ್ಲಿ ತೋರಿಸುವ ಲೈಸೆನ್ಸು ಅಸಲಿಗೆ ಸಮ ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲಿ ಹೇಳಿತು. ಜಪ್ತಿಯನ್ನೂ ಇ-ಚಲನ್ ಮೂಲಕ ದಾಖಲಿಸಿದರಾಯಿತು, ಕಾರ್ಡು ಕಿತ್ತುಕೊಳ್ಳಬೇಕಿಲ್ಲ. ಷರಾ ಕೊನೆಗೂ ಜೇಬು ಬಿಟ್ಟು ಕಂಪ್ಯೂಟರಿಗೆ ಬಂತು. 2019ರ ತಿದ್ದುಪಡಿ ಇನ್ನೂ ಮುಂದೆ ಹೋಗಿ ಲೈಸೆನ್ಸುಗಳಿಗೆ ರಾಷ್ಟ್ರೀಯ ನೋಂದಣಿಯನ್ನು ಕಾಯ್ದೆಯಲ್ಲೇ ಸೇರಿಸಿತು. ಕೆಲವು ಅಪರಾಧಗಳಲ್ಲಿ ಪೊಲೀಸರು ಲೈಸೆನ್ಸನ್ನು ವಶಪಡಿಸಿಕೊಂಡು ಲೈಸೆನ್ಸು ಕೊಡುವ ಪ್ರಾಧಿಕಾರಕ್ಕೆ ಕಳಿಸಲೇಬೇಕು. ಅಂಥ ಪ್ರಕರಣ ಸಾಬೀತಾದರೆ ಮೊದಲ ಸಲಕ್ಕೆ 3 ತಿಂಗಳ ಅನರ್ಹತೆ, ಮತ್ತೆ ಸಿಕ್ಕಿಬಿದ್ದರೆ ಲೈಸೆನ್ಸೇ ರದ್ದು. ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂಬಹುದು. ಕೇಂದ್ರ ಕಾಯ್ದೆಯಲ್ಲಿ, ಅನರ್ಹನಾಗಿಯೂ ಓಡಿಸಿದವನಿಗೆ ಹೆಚ್ಚೆಂದರೆ 500 ರೂಪಾಯಿ ಇದ್ದ ದಂಡ 10,000ಕ್ಕೇರಿತು.

ಆದರೂ ಒಂದು ಕಿಂಡಿ ಉಳಿದಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳು ಓದುವುದು ನಂಬರ್ ಪ್ಲೇಟನ್ನು. ನೋಟಿಸು ಹೋಗುವುದು ಗಾಡಿಯ ಮಾಲೀಕರಿಗೆ. ಅಮಾನತಾದ ಲೈಸೆನ್ಸಿನವನು ಅಣ್ಣನ ಕಾರಿನಲ್ಲೋ ಕಂಪನಿಯ ಲಾರಿಯಲ್ಲೋ ಕೂತಿದ್ದರೆ ಅವನ ಹೆಸರು ಆ ದಾಖಲೆಗೆ ಬರುವುದಿಲ್ಲ. ಅವನು ಸಿಕ್ಕಿಬೀಳಬೇಕಾದರೆ ಇಂದಿಗೂ ಪೇದೆಯೊಬ್ಬರು ಬಿಸಿಲಲ್ಲಿ ನಿಂತು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಬೇಕು, ಲೈಸೆನ್ಸಿನ ನಂಬರನ್ನು ಯಂತ್ರಕ್ಕೆ ಒತ್ತಿ ನೋಡಬೇಕು.