ಚಿತ್ರವರ್ಗಾವಣೆ, ಗಣಕದಿಂದ ಮೊಬೈಲಿಗೆ

ಗಣಕಯಂತ್ರದಲ್ಲಿ ಸಂಗ್ರಹಿತವಾದ ಛಾಯಾಚಿತ್ರಗಳನ್ನು ಮೊಬೈಲ್ ಫೋನಿಗೆ ಪ್ರತಿಮಾಡುವ ಕ್ರಿಯೆ. ಇದಕ್ಕಿರುವ ಮಾರ್ಗಗಳಲ್ಲಿ ಯುಎಸ್‌ಬಿ ಕೇಬಲ್ಲಿನದೇ ಅತ್ಯಂತ ವಿಶ್ವಾಸಾರ್ಹವಾದುದು. ಮೊದಮೊದಲು ಫೋನು ತನ್ನ ಮೆಮೊರಿ ಕಾರ್ಡನ್ನು ಸಂಪೂರ್ಣವಾಗಿ ಗಣಕದ ವಶಕ್ಕೊಪ್ಪಿಸಿ, ಜೋಡಣೆ ಕಳಚುವ ತನಕ ತಾನೇ ಅದನ್ನು ಓದಲಾರದೆ ಇರುತ್ತಿದ್ದಿತು. ನಡುವೆ ಕೇಬಲ್ಲನ್ನು ಹಠಾತ್ತನೆ ಕಿತ್ತರಂತೂ ಕಾರ್ಡಿನಲ್ಲಿದ್ದ ಸಮಸ್ತವೂ ಕೆಡುವ ಭಯವಿದ್ದಿತು. 2011ರ ಆಂಡ್ರಾಯ್ಡ್ 3.0 ಆವೃತ್ತಿಯಿಂದ ಬಳಕೆಗೆ ಬಂದ ಎಂಟಿಪಿ ಎಂಬ ಕ್ರಮದಲ್ಲಾದರೋ, ಗಣಕವು ಒಂದೊಂದು ಕಡತವನ್ನೂ ಕೊಡುತ್ತಿರಲು ಫೋನು ತಾನೇ ಅದನ್ನು ಬರೆದುಕೊಳ್ಳುವುದರಿಂದ ಈ ಆತಂಕವು ಬಹುಮಟ್ಟಿಗೆ ನಿವಾರಣೆಯಾಯಿತು. ಈಗಿನ ಆಂಡ್ರಾಯ್ಡ್ ಫೋನುಗಳು ಜೋಡಿಸಿದೊಡನೆ ಸಾಮಾನ್ಯವಾಗಿ ಚಾರ್ಜ್ ಮಾತ್ರವೇ ಆಗುವುದರಿಂದ, ಫೋನಿನ ಬೀಗ ತೆರೆದು, ಪರದೆಯ ಸೂಚನೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಎಂಬುದನ್ನು ಆರಿಸತಕ್ಕದ್ದು; ಅನಂತರ ಚಿತ್ರಗಳನ್ನು ‘ಪಿಕ್ಚರ್ಸ್’ ಫೋಲ್ಡರಿನಲ್ಲಿರಿಸಬಹುದು. ಐಫೋನಿನಲ್ಲಿ ಹೀಗೆ ನೇರವಾಗಿ ಫೋಲ್ಡರಿಗೆ ಸೇರಿಸಲು ಬಾರದು. ಐಟ್ಯೂನ್ಸ್ ಅಥವಾ ಐಕ್ಲೌಡಿನಂತಹ ಮಾರ್ಗಗಳ ಮುಖಾಂತರ ಸಾಗಬೇಕು. ಆಂಡ್ರಾಯ್ಡ್ ಫೋನಿಗಾದರೆ ಬ್ಲೂಟೂತ್ ಕೆಲವೇ ಚಿತ್ರಗಳಿಗೆ ಸಾಕು. ವಾಟ್ಸಾಪ್ ಸುಲಭವೆನಿಸಿದರೂ, ಚಿತ್ರವಾಗಿಯೇ ಕಳುಹಿಸಿದಲ್ಲಿ ಅದನ್ನು ಸಂಕುಚಿತಗೊಳಿಸಿ ಸೂಕ್ಷ್ಮ ವಿವರಗಳನ್ನು ಕಳೆಯುವುದರಿಂದ, ಮುದ್ರಣಯೋಗ್ಯವಾದ ಚಿತ್ರಗಳನ್ನೂ ಹಿರಿಯರ ಹಳೆಯ ಭಾವಚಿತ್ರಗಳನ್ನೂ ‘ಡಾಕ್ಯುಮೆಂಟ್’ ರೂಪದಲ್ಲಿಯೇ ಕಳುಹಿಸುವುದು ಉಚಿತ. ಪ್ರತಿಯು ಫೋನಿನಲ್ಲಿ ಸರಿಯಾಗಿ ತೆರೆಯುವುದನ್ನು ಕಂಡುಕೊಳ್ಳುವ ಮುನ್ನ ಗಣಕದಲ್ಲಿರುವ ಮೂಲವನ್ನು ವಾಚಕರು ಎಂದಿಗೂ ಅಳಿಸಬಾರದು.