ತಿಪ್ಪೆಯ ಹುಳುವಿನ ಉಸಿರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತಿಪ್ಪೆ ಕೆದಕಿದವರೆಲ್ಲರೂ ಗೊಣ್ಣೆಹುಳುವನ್ನು ಬಲ್ಲರು. ಬಿಳಿಯ ಮೈ, ಕಂದು ತಲೆ, ಮುಟ್ಟಿದರೆ ಸುರುಳಿಕೊಳ್ಳುತ್ತದೆ. ಇವುಗಳಲ್ಲೊಂದು ಜಾತಿ ಬೆಳೆದು ಕೊಂಬಿನ ಕರಿಯ ದುಂಬಿಯಾಗಿ ತೆಂಗಿನ ಸುಳಿಯನ್ನು ಕೊರೆಯುತ್ತದೆ. ಬಿಚ್ಚಿಕೊಂಡ ಗರಿ ಕತ್ತರಿಯಾಡಿಸಿದಂತೆ ಕಾಣುವುದು ಅದರ ಉಪದ್ರವದಿಂದಲೇ. ಅದರ ಮರಿಹುಳು ತಿಂಗಳುಗಟ್ಟಲೆ ಗೊಬ್ಬರದಲ್ಲಿ ಹುದುಗಿರುತ್ತದೆ. ಅದಕ್ಕೆ ನಮ್ಮಂತೆ ಶ್ವಾಸಕೋಶವಿಲ್ಲ, ಕೆರೆಯ ಮೀನಿನಂತೆ ಕಿವಿರೂ ಇಲ್ಲ. ಹಾಗಾದರೆ ಉಸಿರಾಡುವುದು ಹೇಗೆ?

ಕೀಟಗಳು ಉಸಿರಾಡುವುದೇ ಇಲ್ಲವೆಂದು ಗ್ರೀಸಿನ ಅರಿಸ್ಟಾಟಲನು ಹೇಳಿದ್ದನು. ಆ ಮಾತನ್ನು ಸುಳ್ಳು ಮಾಡಿದ್ದು ಎಣ್ಣೆ. ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪಿಗಿಯು ರೇಷ್ಮೆಹುಳುವನ್ನು ಕುರಿತು ಬರೆದ ಗ್ರಂಥವನ್ನು ಲಂಡನ್ನಿನ ರಾಯಲ್ ಸೊಸೈಟಿಯು 1669ರಲ್ಲಿ ಪ್ರಕಟಿಸಿತು. ಆ ಹುಳುವಿನ ಎರಡು ಪಕ್ಕಗಳಲ್ಲೂ ಒಂಬತ್ತೊಂಬತ್ತು ಸಣ್ಣ ರಂಧ್ರಗಳಿವೆ. ಅವುಗಳಿಗೆ ಎಣ್ಣೆ ಸವರಿದಾಗ ಹುಳು ಸತ್ತಿತು. ಸೀಳಿ ನೋಡಿದರೆ, ರಂಧ್ರಗಳಿಂದ ಹೊರಟ ನಳಿಕೆಗಳು ಬೇರಿನಂತೆ ಕವಲೊಡೆದು ಮೈಯೆಲ್ಲ ಹಬ್ಬಿದ್ದವು. ನಮ್ಮ ಗೊಣ್ಣೆಹುಳುವಿಗೂ ಇಂಥವೇ ಒಂಬತ್ತು ಜೊತೆ ರಂಧ್ರಗಳುಂಟು. ಬರಿಗಣ್ಣಿಗೆ ಕಂದು ಚುಕ್ಕೆಗಳಾಗಿ ತೋರುತ್ತವೆ.

ಬಾಗಿಲೇನೋ ತಿಳಿಯಿತು, ಒಳಹೋಗುವುದು ಏನೆಂದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. ಫ್ರಾನ್ಸಿನ ಲಾವಾಸಿಯೆ ಮತ್ತು ಲಾಪ್ಲಾಸ್ ಗಿನಿಪಿಗ್ ಎಂಬ ಪ್ರಾಣಿಯನ್ನು ಮಂಜುಗಡ್ಡೆಯ ನಡುವೆ ಇರಿಸಿ, ಅದರ ಮೈಶಾಖಕ್ಕೆ ಕರಗಿದ ನೀರನ್ನು ಅಳೆದರು. ಉಸಿರಾಟವೂ ನಿಧಾನವಾದ ಒಂದು ದಹನವೆಂದು 1783ರಲ್ಲಿ ಸಾರಿದರು. ಒಲೆಯಲ್ಲಿ ಉರಿಯುವ ಕರಟದಂತೆಯೇ ಜೀವಿಯೂ ಆಮ್ಲಜನಕವನ್ನು ಬಳಸಿ ಇಂಗಾಲಾಮ್ಲ ವಾಯುವನ್ನು ಹೊರಬಿಡುತ್ತದೆ.

ಆದರೆ ಹುಳುವಿನೊಳಗೆ ಗಾಳಿಯನ್ನು ತಳ್ಳುವ ತಿದಿ ಎಲ್ಲಿದೆ? ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1920ರಲ್ಲಿ ಒಂದು ಕಂಬಳಿಹುಳುವಿನ ನಳಿಕೆಗಳನ್ನು ಅಳೆದು ಲೆಕ್ಕ ಹಾಕಿದನು. ಊದುಬತ್ತಿಯ ಪರಿಮಳ ಕೋಣೆಯಲ್ಲಿ ಹರಡುವಂತೆ, ಆಮ್ಲಜನಕವು ಹೆಚ್ಚಿರುವೆಡೆಯಿಂದ ಕಡಮೆಯಿರುವೆಡೆಗೆ ತಾನಾಗಿ ಸಾಗಿದರೂ ಆ ಹುಳುವಿಗೆ ಸಾಕೆಂದು ತೋರಿಸಿದನು. ಹೊಟ್ಟೆಯನ್ನು ಹಿಗ್ಗಿಸಿ ಕುಗ್ಗಿಸಿ ಗಾಳಿಯಾಡಿಸುವ ಕೀಟಗಳೂ ಇವೆ. ಹೀಗೆ ಹರಡುವುದು ಕಿರುದೂರಕ್ಕೆ ಮಾತ್ರ ಸಾಲುತ್ತದೆ. ಎತ್ತಿನಂಥ ದೊಡ್ಡ ದೇಹಕ್ಕೆ ಶ್ವಾಸಕೋಶವೂ ಅಲ್ಲಿಂದ ಆಮ್ಲಜನಕ ಹೊರುವ ರಕ್ತವೂ ಬೇಕು.

ಸಡಿಲವಾದ ಗೊಬ್ಬರದ ಸಂದುಗಳಲ್ಲಿ ಗಾಳಿಯಿರುತ್ತದೆ. ಗೊಣ್ಣೆಹುಳುವಿಗೆ ಅಷ್ಟೇ ಆಧಾರ. ತಿಪ್ಪೆಯನ್ನು ಆಗಾಗ ಮಗುಚಿ ಈ ಹುಳುಗಳನ್ನು ಆರಿಸಿ ನಾಶಮಾಡುವುದು ತೆಂಗಿಗೆ ಕ್ಷೇಮ. ಹಾಗೆ ಆರಿಸುವಾಗ ಮಕ್ಕಳನ್ನು ಕರೆದು, ಅದರ ಪಕ್ಕದ ಒಂಬತ್ತು ಚುಕ್ಕೆಗಳನ್ನು ಎಣಿಸಿ ತೋರಿಸಬಹುದು.