ಸತ್ತಳೆಂದು ಸಾರಿದ ಮೇಲೆ: 'ಘಟಶ್ರಾದ್ಧ'ದ ಕೊನೆಯ ನೋಟ

ನಾನು ಮಾತಾಡ್ತಿರೋದು ಕೊಯಮತ್ತೂರಿನ ಆರ್.ಎಸ್. ಪುರಂನಿಂದ. ಇದು ಒಂದು ಕಾಲಕ್ಕೆ ಸ್ಟುಡಿಯೋ ಸಿನಿಮಾದ ಊರಾಗಿತ್ತು. ಎಂ.ಜಿ.ಆರ್. ಅಭಿನಯದ 'ಮಲೈಕ್ಕಳ್ಳನ್' (1954) ಇಲ್ಲಿನ ಪಕ್ಷಿರಾಜ ಸ್ಟುಡಿಯೋದ ಚಿತ್ರ. ಅಂಥ ಚಿತ್ರಗಳಲ್ಲಿ ಕ್ಯಾಮೆರಾ ನಾಯಕನ ಬೆನ್ನಿಗೆ ನಿಲ್ಲುತ್ತೆ. 1977ರ 'ಘಟಶ್ರಾದ್ಧ'ದಲ್ಲಿ ಗಿರೀಶ್ ಕಾಸರವಳ್ಳಿ ಅದನ್ನು ಒಬ್ಬ ಪುಟ್ಟ ಹುಡುಗನ ಪಕ್ಕ ನಿಲ್ಲಿಸಿದರು. ನನ್ನ ಮಾತು ಆ ಆಯ್ಕೆಯ ಬಗ್ಗೆ.

ಯು.ಆರ್. ಅನಂತಮೂರ್ತಿಯವರ ಕತೆ ಆಧರಿಸಿದ ಈ ಚಿತ್ರದಲ್ಲಿ ವಿಧವೆ ಯಮುನಾ ಬಸುರಿಯಾಗುತ್ತಾಳೆ. ವೇದಪಾಠಶಾಲೆ ನಡೆಸುವ ತಂದೆ ಉಡುಪರು, ಮಗಳು ಬದುಕಿರುವಾಗಲೇ ಮಡಕೆ ಒಡೆದು ಅವಳ ಶ್ರಾದ್ಧ ಮಾಡುತ್ತಾರೆ. ಜಾತಿಯ ಲೆಕ್ಕದಲ್ಲಿ ಅವಳು ಅಲ್ಲಿಗೆ ಸತ್ತಳು.

ಚಿತ್ರ ಅಲ್ಲಿಗೆ ಮುಗಿಯೋದಿಲ್ಲ. ಪಾಠಶಾಲೆಯ ಹುಡುಗ ನಾಣಿ ಅಪ್ಪನ ಜೊತೆ ಊರು ಬಿಡುವಾಗ, ತಲೆ ಬೋಳಾದ ಯಮುನಾ ಮರದಡಿ ಒಬ್ಬಳೇ ಕೂತಿರೋದನ್ನು ನೋಡುತ್ತಾನೆ. ಶಾಸ್ತ್ರ 'ಸತ್ತಳು' ಅಂದಿತ್ತು, ಎಸ್. ರಾಮಚಂದ್ರರ ಕಪ್ಪು-ಬಿಳುಪು ಕ್ಯಾಮೆರಾ 'ಇದ್ದಾಳೆ' ಅನ್ನುತ್ತೆ. ಯಾವ ಪಾತ್ರವೂ ಬಾಯಿಬಿಟ್ಟು ಹೇಳದ ಈ ಖಂಡನೆ ಹುಟ್ಟೋದು ದೃಶ್ಯಗಳನ್ನು ಜೋಡಿಸಿದ ಕ್ರಮದಿಂದ.

ಬಹಿಷ್ಕಾರದ ಚರಿತ್ರೆ ಬರೆಯುವಾಗ ನಮಗೆ ಸುಲಭವಾಗಿ ಸಿಗೋದು ತೀರ್ಪು ಕೊಟ್ಟವರ ಮಾತು. ಹೊರಗೆ ಹಾಕಿಸಿಕೊಂಡವಳು ಮರುದಿನ ಎಲ್ಲಿ ಕೂತಿದ್ದಳು ಅನ್ನೋದು ಸಿಗೋದಿಲ್ಲ. ಇದು ಕಟ್ಟುಕತೆ, ದಾಖಲೆಯಲ್ಲ, ನಿಜ. ಆದರೂ ದಾಖಲೆಯಲ್ಲಿ ಏನು ಕಾಣೆಯಾಗಿದೆ ಅಂತ ಅದು ತೋರಿಸುತ್ತೆ. ನೋಡಿದ ನಾಣಿಗೆ ತಡೆಯುವ ಶಕ್ತಿಯಿಲ್ಲ, ಅವನು ಹೊರಡಲೇಬೇಕು. ಅವನ ಕಣ್ಣಲ್ಲಿ ನೋಡಿದ ನಾವು ಮಾತ್ರ ಹುಡುಗರಲ್ಲ. ಚರ್ಚೆ ಅಲ್ಲಿಂದ ಶುರುವಾಗಲಿ.